ನಿಮ್ಮ ವಾರ್ಡಿನ ಖಾಲಿ ಜಾಗದಲ್ಲಿ ಬಡವರಿಗೆ ಮನೆ: ನಿಮ್ಮ ಮಾತು ಫೈಲಿಗೆ ಸೇರಿಸುವುದು ಹೇಗೆ?

ಬಡಾವಣೆಯ ಕೊನೆಯಲ್ಲಿ ಒಂದು ಖಾಲಿ ಜಾಗ. ಸುತ್ತ ತಂತಿ ಬೇಲಿ, ಒಳಗೆ ಪಾರ್ಥೇನಿಯಂ ಗಿಡ, ಒಂದು ಮೂಲೆಯಲ್ಲಿ ಯಾರೋ ಸುರಿದು ಹೋದ ಕಟ್ಟಡದ ಕಸ. ನಡುವೆ ಬಣ್ಣ ಮಾಸಿದ ಫಲಕ: 'ಇದು ಸರ್ಕಾರಿ ಸ್ವತ್ತು'. ಇಂಥ ಫಲಕವೊಂದನ್ನು ನೀವೂ ದಿನಾ ದಾಟಿ ಹೋಗುತ್ತಿರಬಹುದು.

ಒಂದು ದಿನ ಟೀ ಅಂಗಡಿಯಲ್ಲಿ ಸುದ್ದಿ ಬರುತ್ತದೆ, 'ಅಲ್ಲಿ ಬಡವರಿಗೆ ಮನೆ ಕಟ್ತಾರಂತೆ'. ಅದೇ ಬೀದಿಯ ಶೀಟ್ ಮನೆಯಲ್ಲಿ ಬಾಡಿಗೆಗೆ ಇರುವವರು 'ನಮಗೂ ಸಿಗುತ್ತಾ?' ಅಂತ ಕೇಳುತ್ತಾರೆ. ಸ್ವಂತ ಮನೆ ಇರುವವರು 'ಈಗಲೇ ಬೋರ್‌ನಲ್ಲಿ ನೀರಿಲ್ಲ, ಇನ್ನೂ ನೂರು ಮನೆ ಬಂದರೆ ಏನು ಗತಿ?' ಅನ್ನುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಟೀ ಅಂಗಡಿಯಲ್ಲಿ ಆಡಿದ ಮಾತು ಯಾವ ಫೈಲಿಗೂ ಸೇರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ವಾರ್ಡ್ ಸಭೆಗಳಿಗೆ ಹೋಗುತ್ತಿದ್ದೇನೆ. ಒಮ್ಮೆ ಇಂಥದ್ದೇ ಯೋಜನೆಯ ಬಗ್ಗೆ ಮೂವತ್ತು ಜನ ಸೇರಿ ಒಂದು ಕಚೇರಿಗೆ ಹೋದೆವು. ಅಧಿಕಾರಿ ಗೌರವದಿಂದಲೇ ಕೂರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, 'ಟೆಂಡರ್ ಆಗಿ ತಿಂಗಳಾಯ್ತಲ್ಲಾ' ಅಂದರು. ಅಂದೇ ನನಗೆ ಅರ್ಥವಾಯಿತು: ಬೇಗ ಹೋಗಬೇಕು, ಬರೆದು ಕೊಡಬೇಕು, ಆ ಮನೆಗಳಲ್ಲಿ ಬದುಕಬೇಕಾದವರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಮುಂದಿನದೆಲ್ಲ ಈ ಮೂರನ್ನು ಮಾಡುವ ದಾರಿ.

ಮೊದಲು, ಜಾಗ ಯಾರದ್ದು ಅಂತ ತಿಳಿಯಿರಿ

ಫಲಕವನ್ನು ನಂಬಿ ಕೂರಬೇಡಿ. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ಫೋನಿಗೆ ಹಾಕಿಕೊಂಡು ಆ ಜಾಗದಲ್ಲಿ ನಿಲ್ಲಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಅದು ತೋರಿಸುತ್ತದೆ. ಆ ನಂಬರಿನಿಂದ ಸರ್ಕಾರದ ಭೂದಾಖಲೆ ಜಾಲತಾಣ 'ಭೂಮಿ'ಯಲ್ಲಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಹಕ್ಕು, ಋಣದ ವಿವರ ಇರುತ್ತದೆ. ಹಳೇ ಊರಿನ ಒಳಗಿನ ಜಾಗಕ್ಕೆ ಪಹಣಿ ಸಿಗದೇ ಇರಬಹುದು. ಆಗ ಪಾಲಿಕೆಯ ಆಸ್ತಿ ವಹಿಯಲ್ಲಿ ಕೇಳಬೇಕು.

ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಹುಷಾರು. ರಸ್ತೆ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಭಾಗ ಅದು. ಕೆರೆ ಅಂಗಳದಲ್ಲಿ, ರಾಜಕಾಲುವೆಯ ಪಕ್ಕದಲ್ಲಿ ಬಡವರಿಗೆ ಮನೆ ಕಟ್ಟಿಕೊಟ್ಟರೆ ಪ್ರತಿ ಮಳೆಗಾಲದಲ್ಲೂ ಅವರ ಅಕ್ಕಿ ಚೀಲವೇ ತೇಲುವುದು. ಪಾರ್ಕಿಗೆ, ಆಟದ ಮೈದಾನಕ್ಕೆ ಅಂತ ಬಿಟ್ಟ ಜಾಗವನ್ನೂ ಕೇಳಬೇಡಿ. ಅವನ್ನು ಕಾಪಾಡಲೆಂದೇ 1985ರ ಕಾಯ್ದೆ ಇದೆ. ಬಡವರ ಮಕ್ಕಳಿಗೂ ಆಡಲು ಬಯಲು ಬೇಕು, ಅಲ್ವಾ?

ನಕ್ಷೆಯನ್ನೂ ನೋಡಿಕೊಳ್ಳಿ. ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ವಸತಿ ವಲಯದಲ್ಲಿ ಇಲ್ಲದಿದ್ದರೆ ಭೂ ಬಳಕೆ ಬದಲಾಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಸಣ್ಣ ಅಕ್ಷರದ ಆ ಪ್ರಕಟಣೆ ಜಾಸ್ತಿ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಬಡಾವಣೆಯಲ್ಲಿ ಪೇಪರ್ ತರಿಸುವ ಇಬ್ಬರು ನಿವೃತ್ತರಿಗೆ ಈ ಕೆಲಸ ಒಪ್ಪಿಸಿ. ಇದಕ್ಕೆ ಅವರಿಗಿಂತ ಒಳ್ಳೆಯ ಕಾವಲು ಇಲ್ಲ.

ಹತ್ತು ರೂಪಾಯಿಯ ಅರ್ಜಿ

ಇದರ ನಂತರ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆಯಬೇಡಿ, ನೇರವಾಗಿ ಕೇಳಿ: 'ಸರ್ವೆ ನಂಬರ್ ಇಂತಿಷ್ಟರ ಜಮೀನಿನಲ್ಲಿ ವಸತಿ ಯೋಜನೆಯ ಪ್ರಸ್ತಾವ ಇದ್ದರೆ ಅದರ ಡಿಪಿಆರ್ (ವಿವರವಾದ ಯೋಜನಾ ವರದಿ), ನಕ್ಷೆ, ಜಮೀನು ಹಸ್ತಾಂತರದ ಆದೇಶ ಮತ್ತು ಜಮೀನಿನ ಮೇಲಿರುವ ಕೋರ್ಟ್ ಪ್ರಕರಣಗಳ ಪಟ್ಟಿಯ ಪ್ರತಿ ಕೊಡಿ.' ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಮೊದಲ ಮೇಲ್ಮನವಿ.

ಯಾರಿಗೆ ಹಾಕಬೇಕು ಎನ್ನುವುದೇ ಹಲವರಿಗೆ ಗೊಂದಲ. ಕೊಳೆಗೇರಿಯವರಿಗೆ ಕಟ್ಟುವುದಾದರೆ ಸಾಮಾನ್ಯವಾಗಿ ಕೊಳಗೇರಿ ಅಭಿವೃದ್ಧಿ ಮಂಡಳಿ. ಬೆಂಗಳೂರಿನ ಒಂದು ಲಕ್ಷ ಬಹುಮಹಡಿ ಮನೆ ಯೋಜನೆಯಾದರೆ ರಾಜೀವ್ ಗಾಂಧಿ ವಸತಿ ನಿಗಮ. ಜಾಗ ಪಾಲಿಕೆಯದ್ದಾದರೆ ಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಿವೆ. ಹಳೇ ವಿಳಾಸಕ್ಕೆ ಕಳಿಸುವ ಮೊದಲು ನಿಮ್ಮ ವಾರ್ಡ್ ಈಗ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ತಪ್ಪು ಕಚೇರಿಗೆ ಹೋದರೂ ಅರ್ಜಿಯನ್ನು ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ. ಆದರೆ ಅಷ್ಟರಲ್ಲಿ ದಿನ ಕಳೆದುಹೋಗುತ್ತವೆ.

ಕೋರ್ಟ್ ಪ್ರಕರಣದ ಬಗ್ಗೆ ಮರೆಯದೆ ಕೇಳಿ ಅನ್ನುವುದಕ್ಕೆ ಕಾರಣವಿದೆ. ಕೋರಮಂಗಲದ ಪಕ್ಕದ ಈಜಿಪುರವನ್ನು ನೆನಪಿಸಿಕೊಳ್ಳಿ. ಅಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಕಟ್ಟಿದ್ದ ಕ್ವಾರ್ಟರ್ಸ್ ಶಿಥಿಲವಾದವು. 15 ಎಕರೆಗೂ ಜಾಸ್ತಿ ಇದ್ದ ಆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ಯೋಜನೆ ಬಂತು, ಮನೆಗಳ ಜೊತೆಗೆ ಮಾಲ್ ಕೂಡ. 2013ರ ಜನವರಿಯ ಚಳಿಯಲ್ಲಿ ಅಲ್ಲಿದ್ದ ನೂರಾರು ಕುಟುಂಬಗಳನ್ನು ತೆರವುಗೊಳಿಸಿದರು. ಆಮೇಲೆ ವರ್ಷಗಟ್ಟಲೆ ಕೇಸು ಕೋರ್ಟಿನಲ್ಲಿ, ಜನ ಫುಟ್‌ಪಾತ್‌ನಲ್ಲಿ, ಜಾಗ ಬೇಲಿಯೊಳಗೆ. ಕಾಗದದ ಮೇಲೆ ಯಾರಿಗೆ ಏನು ಎಂದು ಮೊದಲೇ ಗಟ್ಟಿಯಾಗದಿದ್ದರೆ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಯಾರಿಗೆ ಬೇಕು ಮನೆ?

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಸುತ್ತಿನ ಬೀದಿಗಳಿಗೆ ಹೋಗಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಕೆಲಸ ಎಲ್ಲಿ, ಅಲ್ಲಿಗೆ ಹೇಗೆ ಹೋಗುತ್ತಾರೆ, ಮಕ್ಕಳು ಯಾವ ಶಾಲೆ. ಐದೇ ಪ್ರಶ್ನೆ ಸಾಕು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬ ಆರ್ಥಿಕವಾಗಿ ಹಿಂದುಳಿದ ವರ್ಗಕ್ಕೆ ಸೇರುತ್ತದೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಊರಿನಲ್ಲಿ ಅಪ್ಪನ ಹೆಸರಿನ ಮನೆ ಇದ್ದವರು ಈ ಷರತ್ತಿಗೆ ಹೆದರುತ್ತಾರೆ. ತಂದೆ-ತಾಯಿಯ ಮನೆ ಬೇರೆ, ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಕುಟುಂಬ ಬೇರೆ ಎಂದು ಅವರಿಗೆ ಬಿಡಿಸಿ ಹೇಳಿ. ಇದೇ ಯೋಜನೆಯಲ್ಲಿ ಬಾಡಿಗೆ ಮನೆ ಕಟ್ಟುವ ಭಾಗವೂ ಇದೆ. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಸ್ವಂತ ಫ್ಲ್ಯಾಟಿಗಿಂತ ಕಡಿಮೆ ಬಾಡಿಗೆಯ ಗಟ್ಟಿ ಕೋಣೆಯೇ ಮುಖ್ಯ ಇರಬಹುದು. ಕೇಳದೆ ಗೊತ್ತಾಗುವುದಿಲ್ಲ.

ಈ ಪಟ್ಟಿ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ವಾದ. ಮನೆಗೆಲಸಕ್ಕೆ ನಡೆದು ಹೋಗುವ ಹೆಂಗಸಿಗೆ ನಗರದ ಹೊರಗೆ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಫ್ಲ್ಯಾಟ್ ಕೊಟ್ಟರೆ ಆಕೆ ಕೆಲಸ ಕಳೆದುಕೊಳ್ಳುತ್ತಾಳೆ, ಇಲ್ಲಾ ಫ್ಲ್ಯಾಟಿಗೆ ಬೀಗ ಹಾಕಿ ವಾಪಸ್ ಬರುತ್ತಾಳೆ. ಹಾಗಾಗಿಯೇ ವಾರ್ಡಿನೊಳಗಿನ ಅರ್ಧ ಎಕರೆಗೂ ಇಷ್ಟು ಬೆಲೆ.

ರಂಗೋಲಿ ಪುಡಿಯಲ್ಲಿ ಮನೆ ಬರೆಯಿರಿ

ಇದು ನನಗೆ ತುಂಬಾ ಇಷ್ಟವಾದ ಹಂತ. ಇಂಥ ಮನೆಯ ಅಳತೆ ಸಾಮಾನ್ಯವಾಗಿ 30 ಚದರ ಮೀಟರ್ ಆಸುಪಾಸು, ಅಂದರೆ ಸುಮಾರು 323 ಚದರ ಅಡಿ. ಆ ಲೆಕ್ಕ ಯಾರ ಮನಸ್ಸಿಗೂ ಇಳಿಯುವುದಿಲ್ಲ. ಶಾಲೆಯ ಅಂಗಳದಲ್ಲಿ 18 ಅಡಿ ಉದ್ದ, 18 ಅಡಿ ಅಗಲದ ಚೌಕ ಬರೆಯಿರಿ. ಡಿಪಿಆರ್ ನಕ್ಷೆ ಸಿಕ್ಕಿದ್ದರೆ ಅದರಂತೆ ಒಳಗಿನ ಗೋಡೆಗಳನ್ನೂ ಎಳೆಯಿರಿ. ಮುಂಬೈನ ಬೈಕುಲ್ಲಾದಲ್ಲಿ ಫುಟ್‌ಪಾತ್ ಮೇಲೆ ಬದುಕುತ್ತಿದ್ದ ಮಹಿಳೆಯರು 1980ರ ದಶಕದಲ್ಲಿ ಸೀರೆ ಹಿಡಿದು ಅಳೆದು, ತಮಗೆ ಬೇಕಾದ ಮನೆಯ ಪೂರ್ತಿ ಅಳತೆಯ ಮಾದರಿ ನಿಲ್ಲಿಸಿ ತೋರಿಸಿದ್ದರು. ನಾವು ಮಾಡಿದ್ದು ಅದರ ಚಿಕ್ಕ ರೂಪ.

ಆ ಸಂಜೆ ಮೊದಲು ಎಲ್ಲರೂ ಗೆರೆಯ ಹೊರಗೇ ನಿಂತಿದ್ದರು. ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು, 'ಬಾಗಿಲು' ಅಂತ ಬರೆದ ಕಡೆಯಿಂದಲೇ ಒಳಗೆ ಹೋದರು. ಆಮೇಲೆ ಎಲ್ಲರಿಗೂ ಧೈರ್ಯ ಬಂತು. ಬೆಂಚು ತಂದು ಮಂಚ ಅಂದರು, ಬಕೆಟ್ ಇಟ್ಟು ಸ್ಟೌ ಅಂದರು. 'ಮಂಚ ಇಲ್ಲಿ ಹಾಕಿದ್ರೆ ಬೀರು ಬಾಗಿಲು ತೆಗೆಯೋಕಾಗಲ್ಲ ಸಾರ್.' ಅಗರಬತ್ತಿ ಹೊಸೆಯುವ ಒಬ್ಬ ಅಕ್ಕ, 'ನಾನು ಕಡ್ಡಿ ಎಲ್ಲಿ ಒಣಗಿಸ್ಲಿ?' ಎಂದು ಕೇಳಿದರು. ತರಕಾರಿ ಮಾರುವವರು ತಳ್ಳುಗಾಡಿಯನ್ನೇ ತಂದು ನಿಲ್ಲಿಸಿ, ರಾತ್ರಿ ಇದಕ್ಕೆ ಜಾಗ ಎಲ್ಲಿ ಅಂದರು. ಮೆಟ್ಟಿಲಿನ ಅಗಲವನ್ನು ಪಕ್ಕದಲ್ಲೇ ಬರೆದಿದ್ದೆವು. ಅದನ್ನು ಬಹಳ ಹೊತ್ತು ನೋಡುತ್ತಿದ್ದ ಹಿರಿಯರೊಬ್ಬರು ಮೆಲ್ಲಗೆ, 'ಯಾರಾದ್ರೂ ಸತ್ತರೆ ಹೆಣ ಇಳಿಸೋಕಾಗುತ್ತಾ ಇದರಲ್ಲಿ?' ಅಂದರು. ಎಲ್ಲರೂ ಸುಮ್ಮನಾದರು. ನಾಲ್ಕು ಜನ ಬೆಂಚನ್ನೇ ಹೆಗಲಿಗೆತ್ತಿಕೊಂಡು ಗೆರೆಯ ಒಳಗೆ ತಿರುಗಲು ನೋಡಿದರು. ಆಗಲಿಲ್ಲ. ಅಂದು ಬರೆದುಕೊಂಡ ಬೇಡಿಕೆಗಳಲ್ಲಿ ಮೊದಲನೆಯದೇ ಮೆಟ್ಟಿಲಿನ ಅಗಲ.

ಫೋಟೊ ತೆಗೆಯಿರಿ, ಟೇಪ್ ಹಿಡಿದು ಅಳತೆ ಬರೆಯಿರಿ. 'ಮನೆ ಚಿಕ್ಕದು' ಅಂದರೆ ಎಂಜಿನಿಯರ್ ಏನೂ ಮಾಡಲಾರರು. 'ತಿರುವಿನಲ್ಲಿ ಒಂದು ಅಡಿ ಜಾಸ್ತಿ ಬೇಕು' ಅಂದರೆ ಮಾಡಬಹುದು. ಎಷ್ಟು ಅಂತಸ್ತು ಅನ್ನುವುದನ್ನೂ ಅಲ್ಲೇ ಮಾತಾಡಿ. ನನ್ನ ಮಟ್ಟಿಗೆ, ಜಾಗ ಸಾಕಾಗುವುದಾದರೆ ನೆಲ ಮತ್ತು ಮೂರು ಅಂತಸ್ತು ಒಳ್ಳೆಯದು. ಎತ್ತರ ಹೋದಷ್ಟೂ ಲಿಫ್ಟ್, ಅದರ ಕರೆಂಟ್ ಬಿಲ್ಲು, ರಿಪೇರಿ. ದಿನಗೂಲಿಯ ಮನೆಗಳಿಗೆ ಅದು ಪ್ರತಿ ತಿಂಗಳ ಭಾರ.

ಪಕ್ಕದ ಬೀದಿಯವರ ಭಯ

ಅವರನ್ನು ಬಿಟ್ಟು ಸಭೆ ಮಾಡಬೇಡಿ. ಭಯವನ್ನು ಲೆಕ್ಕಕ್ಕೆ ಇಳಿಸಿ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎನ್ನುವುದು ಯೋಜನೆ ಮಾಡುವವರ ಅಳತೆ. ನೂರು ಮನೆ, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 54,000 ಲೀಟರ್, 12 ಸಾವಿರ ಲೀಟರಿನ ನಾಲ್ಕೂವರೆ ಟ್ಯಾಂಕರ್. ಈ ನೀರು ಎಲ್ಲಿಂದ, ಚರಂಡಿ ಪೈಪು ಎಷ್ಟು ದಪ್ಪ, ಮಳೆ ನೀರು ಎತ್ತ ಹರಿಯುತ್ತದೆ ಅಂತ ಕೇಳುವುದು ಎರಡೂ ಕಡೆಯವರಿಗೂ ಬೇಕಾದ ಪ್ರಶ್ನೆ. 'ಮನೆ ಬೇಡ' ಅನ್ನುವುದರ ಬದಲು 'ಹೊಸ ಪೈಪ್‌ಲೈನ್ ಹಾಕಿದ ಮೇಲೆಯೇ ಮನೆ ಹಂಚಿಕೆ' ಅಂತ ಷರತ್ತು ಬರೆಸಿ. 'ಅಂಥವರು ಬಂದರೆ ಏರಿಯಾ ಕೆಡುತ್ತದೆ' ಅನ್ನುವವರೂ ಸಿಗುತ್ತಾರೆ. ಅವರ ಮನೆಯ ಪಾತ್ರೆ ತೊಳೆಯುವವರು, ಬೀದಿ ಗುಡಿಸುವವರು, ಮಕ್ಕಳನ್ನು ಆಟೊದಲ್ಲಿ ಶಾಲೆಗೆ ಬಿಡುವವರು ನಿಮ್ಮ ಪಟ್ಟಿಯಲ್ಲಿ ಇದ್ದಾರೆ. ಅವರನ್ನೇ ಸಭೆಗೆ ಕರೆದು ಮಾತಾಡಲು ಬಿಡಿ.

ಸಭೆಯಲ್ಲಿ, ಟಪಾಲಿನಲ್ಲಿ

ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿ ಕಾನೂನಿನಲ್ಲೇ ಇದೆ. ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಿಗೆ ಇದನ್ನು ಹೇಳುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ವಾರ್ಡಿನ ನೋಡಲ್ ಅಧಿಕಾರಿಯನ್ನೇ ಹಿಡಿಯಬೇಕು. ಸಭೆ ಸಂಜೆ ಅಥವಾ ಭಾನುವಾರ ಇಡಿ ಅಂತ ಕೇಳಿ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಮನೆ ಬೇಕಾದವರೆಲ್ಲ ಕೆಲಸದಲ್ಲಿ ಇರುತ್ತಾರೆ.

ಮನವಿ ಎರಡು ಪುಟ ಮೀರದಿರಲಿ. ಸರ್ವೆ ನಂಬರ್, ಎಕರೆ-ಗುಂಟೆ, ನಿಮ್ಮ ಪಟ್ಟಿಯ ಒಟ್ಟು ಲೆಕ್ಕ, ಬೇಡಿಕೆಗಳು, ರಂಗೋಲಿ ಮನೆಯ ಎರಡು ಫೋಟೊ. ಮನೆ ಕೇಳುವವರ ಸಹಿ ಮೊದಲು, ನಮ್ಮಂಥವರ ಸಹಿ ಆಮೇಲೆ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆವು ಅಂತ ಖುಷಿಪಟ್ಟು ಬರಬೇಡಿ. ಸೀಲು ಇಲ್ಲದ ಕಾಗದ ಕೊಟ್ಟಂತೆಯೇ ಅಲ್ಲ. ಸಭೆ ನಡೆದರೆ ನಡಾವಳಿಯ ಪ್ರತಿ ಕೇಳಿ, ನಿಮ್ಮ ಬೇಡಿಕೆ ಅದರಲ್ಲಿ ಇದೆಯಾ ಓದಿ ನೋಡಿ. ಬಿಟ್ಟುಹೋಗಿದ್ದರೆ ಆ ವಾರವೇ ಇನ್ನೊಂದು ಪತ್ರ.

ಕೆಲಸ ಶುರುವಾದ ಮೇಲೆ ತಿಂಗಳಿಗೊಮ್ಮೆ ಸ್ಥಳಕ್ಕೆ ಹೋಗಿ ಬನ್ನಿ. ಮೆಟ್ಟಿಲು ಕಟ್ಟುವ ಮೊದಲು ಟೇಪ್ ತೆಗೆದುಕೊಂಡು ಹೋಗಿ. ಫಲಾನುಭವಿಗಳ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲು ಕೇಳಿ, ನೆಲಮಹಡಿಯ ಮನೆಗಳು ವಯಸ್ಸಾದವರಿಗೆ, ಅಂಗವಿಕಲರಿಗೆ ಹೋಗುತ್ತಿವೆಯಾ ಗಮನಿಸಿ. ಹಕ್ಕುಪತ್ರದಲ್ಲಿ ಮನೆಯ ಹೆಂಗಸಿನ ಹೆಸರು ಇರಲಿ. ಕೀಲಿ ಕೈಗೆ ಬರುವ ಮೊದಲೇ ನಿವಾಸಿಗಳ ಸಂಘ ಮಾಡಿಸಿ, ಪಂಪ್‌ಸೆಟ್ ಕರೆಂಟಿಗೆ ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಅಂತ ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸಿ.