ಒಂದು ನೋಟಿಸು, ಒಂದು ತಲೆಬರಹ, ಮೂರು ವರ್ಷದ ಕಡತ

ತಾಲ್ಲೂಕು ಕೇಂದ್ರದ ಸಣ್ಣ ಪತ್ರಿಕೆಯೊಂದರಲ್ಲಿ ಹದಿನೈದು ವರ್ಷಗಳಿಂದ ವರದಿಗಾರನಾಗಿರುವ ನನಗೆ ವಕೀಲರ ನೋಟಿಸು ಹೊಸದಲ್ಲ. ಆದರೆ 2024ರ ಆಗಸ್ಟ್‌ನಲ್ಲಿ ಬಂದ ನೋಟಿಸು ನನ್ನ ಕೆಲಸದ ಕ್ರಮವನ್ನೇ ಬದಲಿಸಿತು. ಚರಂಡಿ ಕಾಮಗಾರಿಯೊಂದಕ್ಕೆ ಪೂರ್ತಿ ಬಿಲ್ಲು ಪಾವತಿಯಾಗಿದ್ದರೂ ಸ್ಥಳದಲ್ಲಿ ಅರ್ಧದಷ್ಟೂ ಕೆಲಸವಾಗಿಲ್ಲವೆಂದು ಜುಲೈ ಕೊನೆಯಲ್ಲಿ ಬರೆದಿದ್ದೆ. ಗುತ್ತಿಗೆದಾರರು ಕ್ಷಮಾಪಣೆಯನ್ನೂ ಹತ್ತು ಲಕ್ಷ ರೂಪಾಯಿ ಪರಿಹಾರವನ್ನೂ ಕೇಳಿ, ತಪ್ಪಿದರೆ ಸಿವಿಲ್ ದಾವೆಯ ಜೊತೆಗೆ ಮಾನನಷ್ಟವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಖಾಸಗಿ ದೂರನ್ನೂ ಸಲ್ಲಿಸುವುದಾಗಿ ತಿಳಿಸಿದ್ದರು.

ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪಡೆದ, ಆದ ಕೆಲಸದ ಅಳತೆಗಳನ್ನು ದಾಖಲಿಸುವ ಅಳತೆ ಪುಸ್ತಕದ ದೃಢೀಕೃತ ಪ್ರತಿ ನನ್ನಲ್ಲಿತ್ತು; ಟೇಪು ಹಿಡಿದು ಅಳೆದ ದಿನದ ಫೋಟೊಗಳೂ ಇದ್ದವು. ಇಷ್ಟು ಸಾಕೆಂದುಕೊಂಡಿದ್ದೆ. ನಮ್ಮ ವಕೀಲರು ಕಡತ ತಿರುವಿ, "ನಿಜ ಅನ್ನೋದಾಯ್ತು, ಸಾರ್ವಜನಿಕ ಹಿತ ಎಲ್ಲಿದೆ?" ಎಂದರು. ಸಿವಿಲ್ ದಾವೆಯಲ್ಲಿ ಸತ್ಯವೊಂದೇ ಪೂರ್ಣ ರಕ್ಷಣೆ. ಕ್ರಿಮಿನಲ್ ಮಾನನಷ್ಟದ ಮೊದಲ ವಿನಾಯಿತಿಯಾದರೋ ಬರೆದದ್ದು ಸತ್ಯವಾಗಿರಬೇಕು, ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕೆನ್ನುತ್ತದೆ. ಆ ಬೀದಿಯವರು ಮಳೆನೀರು ಮನೆಗೆ ನುಗ್ಗಿದ್ದಕ್ಕೆ ಹಿಂದೆಯೇ ಕೊಟ್ಟಿದ್ದ ಮನವಿಗಳನ್ನು ಹುಡುಕಿ ಕಡತಕ್ಕೆ ಸೇರಿಸಿದ್ದು ಆಮೇಲೆ. ಅದು ವರದಿ ಬರೆಯುವ ಮೊದಲೇ ಆಗಬೇಕಾಗಿದ್ದ ಕೆಲಸ.

ನಿಜವಾದ ತೊಂದರೆ ಇದ್ದದ್ದು ತಲೆಬರಹದಲ್ಲಿ. ವರದಿಯಲ್ಲಿ ನಾನು ಬಿಲ್ಲು, ಅಳತೆ, ದಿನಾಂಕಗಳನ್ನಷ್ಟೇ ಹೇಳಿದ್ದರೆ, ರಾತ್ರಿ ಪುಟ ಕಟ್ಟುವಾಗ ಅದರ ಮೇಲೆ 'ಚರಂಡಿ ಹಣ ನುಂಗಿದ ಗುತ್ತಿಗೆದಾರ' ಎಂದು ಕೂತಿತ್ತು. ಬಿಲ್ಲು ಪಾವತಿಯಾದದ್ದಕ್ಕೆ ದಾಖಲೆಯಿತ್ತು. ಹಣ ಯಾರ ಜೇಬು ಸೇರಿತೆಂಬುದಕ್ಕೆ ಇರಲಿಲ್ಲ. ತಲೆಬರಹದ ಬಗ್ಗೆ ಮಾತ್ರ ಅದೇ ಪುಟದಲ್ಲಿ ವಿಷಾದ ಪ್ರಕಟಿಸಿ, ವರದಿಯ ಪ್ರತಿ ಅಂಕಿಗೂ ಬದ್ಧರಾಗಿದ್ದೇವೆಂದು ನೋಟಿಸಿಗೆ ಉತ್ತರ ಕೊಟ್ಟೆವು. ಆ ನಾಲ್ಕು ಸಾಲಿನ ವಿಷಾದವನ್ನು ಬರೆಯಲು ಹಿಡಿದ ಹೊತ್ತು ವರದಿಗೇ ಹಿಡಿದಿರಲಿಲ್ಲ.

ಇನ್ನೊಂದು ಕೊರತೆಯೂ ಇತ್ತು. ಪ್ರಕಟಿಸುವ ಮುನ್ನ ಗುತ್ತಿಗೆದಾರರಿಗೆ ಎರಡು ಬಾರಿ ಫೋನ್ ಮಾಡಿದ್ದೆ. ಅವರು ಎತ್ತಿರಲಿಲ್ಲ, ನಾನೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸದ್ಭಾವನೆಯಿಂದ ಬರೆದೆವೆಂದು ವಾದಿಸಬೇಕಾದರೆ ತಕ್ಕ ಎಚ್ಚರಿಕೆ ವಹಿಸಿದ್ದನ್ನು ತೋರಿಸಬೇಕಾಗುತ್ತದೆ. ಈಗ ಪ್ರಶ್ನೆಗಳನ್ನು ಲಿಖಿತವಾಗಿ ಕಳುಹಿಸಿ, ಉತ್ತರಕ್ಕೆ ಗಡುವು ಕೊಟ್ಟು, ಅದರ ಪ್ರತಿಯನ್ನು ಉಳಿಸಿಕೊಳ್ಳುತ್ತೇನೆ.

ಆ ದಿನಗಳಲ್ಲಿ ಬೇರೆ ದೇಶಗಳ ಕಾನೂನನ್ನೂ ಓದಿದೆ, ಓದಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಮೆರಿಕದಲ್ಲಿ 1964ರ ಸಲಿವನ್ ತೀರ್ಪಿನ ನಂತರ ಸರ್ಕಾರಿ ಅಧಿಕಾರಿ ಮಾನನಷ್ಟ ಪರಿಹಾರ ಪಡೆಯಬೇಕಾದರೆ, ಪತ್ರಿಕೆ ಸುಳ್ಳೆಂದು ತಿಳಿದೇ ಅಥವಾ ಸತ್ಯಾಸತ್ಯವನ್ನು ಲೆಕ್ಕಿಸದೆ ಬರೆಯಿತೆಂದು ಸಾಬೀತುಪಡಿಸಬೇಕು. ನಮ್ಮ ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲಿ, ಅಧಿಕಾರಿಗಳ ಕರ್ತವ್ಯಕ್ಕೆ ಸಂಬಂಧಿಸಿದ ಬರಹಗಳ ಮಟ್ಟಿಗೆ, ಇದಕ್ಕೆ ಹತ್ತಿರದ ರಕ್ಷಣೆ ಕೊಟ್ಟಿತು. ಆದರೆ ಅದು ಪರಿಹಾರದ ದಾವೆಗೆ ಸಂಬಂಧಿಸಿದ್ದು. ಕ್ರಿಮಿನಲ್ ಮಾನನಷ್ಟವನ್ನು ಅದೇ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿದಿದೆ. 1860ರಲ್ಲಿ ನಮಗೆ ಈ ಕಾನೂನನ್ನು ಹೇರಿದ ಬ್ರಿಟನ್ ತನ್ನಲ್ಲಿದ್ದ ಕ್ರಿಮಿನಲ್ ಮಾನನಷ್ಟವನ್ನು 2009ರ ಕಾಯ್ದೆಯಿಂದ ತೆಗೆದುಹಾಕಿತು, ಶ್ರೀಲಂಕಾ 2002ರಲ್ಲೇ ಕೈಬಿಟ್ಟಿತು. ನಮ್ಮಲ್ಲಿ ಇಂದಿಗೂ ಎರಡು ವರ್ಷದವರೆಗಿನ ಸಜೆಯ ಅವಕಾಶವಿದೆ; ಹೊಸ ಸಂಹಿತೆ ಸಮುದಾಯ ಸೇವೆಯನ್ನು ಸೇರಿಸಿದೆಯಷ್ಟೆ. ನನ್ನಂಥವನಿಗೆ ಸಜೆಗಿಂತ ವಾಯಿದೆಗಳದೇ ಭಯ, ಒಂದೊಂದು ವಾಯಿದೆಯೂ ಒಂದು ದಿನದ ದುಡಿಮೆಯನ್ನು ನುಂಗುತ್ತದೆ.

ನಮ್ಮ ಉತ್ತರ ತಲುಪಿದ ಮೇಲೆ ಆ ಕಡೆಯಿಂದ ಸದ್ದಿಲ್ಲ. ಸಿವಿಲ್ ದಾವೆಗಿದ್ದ ಒಂದು ವರ್ಷದ ಕಾಲಮಿತಿ 2025ರ ಜುಲೈನಲ್ಲಿ ಮುಗಿಯಿತು. ಕ್ರಿಮಿನಲ್ ದೂರಿಗೆ ಮೂರು ವರ್ಷ ಇರುವುದರಿಂದ, ದೃಢೀಕೃತ ಪ್ರತಿಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಮೂಲ ಕಡತವನ್ನು '2027 ಜುಲೈವರೆಗೆ' ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಟ್ಟಿದ್ದೇನೆ.