ಮನೆಗೆ ಎಷ್ಟು ಕೆವಿಎ ಜನರೇಟರ್ ಬೇಕು? ಮೊದಲು ಮೋಟಾರ್ ನೋಡಿ

ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಮರ ಬಿದ್ದು ಹೆಸ್ಕಾಂ ಲೈನ್ ಹರಿದರೆ ಕರೆಂಟ್ ಬರುವುದು ಎಷ್ಟು ಹೊತ್ತಿಗೋ ಹೇಳಲಾಗದು. ಇನ್ವರ್ಟರ್ ಬ್ಯಾಟರಿ ಅಷ್ಟು ತಾಳದು. ಜನರೇಟರ್ ತರೋಣವೆಂದು ಹೋದರೆ 'ಮನೆಯಲ್ಲಿ ಎಷ್ಟು ಕೋಣೆ?' ಎಂದು ಕೇಳುವವರೇ ಹೆಚ್ಚು. ಕೋಣೆ ಎಣಿಸಿ ಸೈಜ್, ಅಂದರೆ ಕೆವಿಎಯಲ್ಲಿ ಅಳೆಯುವ ಜನರೇಟರಿನ ಸಾಮರ್ಥ್ಯ, ತಿಳಿಯುವುದಿಲ್ಲ. ಸಂಪಿನಲ್ಲಿ ಅಥವಾ ಬೋರ್‌ನಲ್ಲಿ ಎಷ್ಟು ಎಚ್‌ಪಿ ಮೋಟಾರ್ ಇದೆ, ಅದನ್ನು ಜನರೇಟರ್ ಮೇಲೆ ಓಡಿಸಲೇಬೇಕೇ ಎಂಬುದರ ಮೇಲೆ ಲೆಕ್ಕವೆಲ್ಲ ನಿಂತಿದೆ.

ಕಾರಣ ಸರಳ. ಬಲ್ಬು, ಟಿವಿ ಹಚ್ಚಿದಾಗಲೂ ಓಡುವಾಗಲೂ ಹೆಚ್ಚುಕಡಿಮೆ ಒಂದೇ ವ್ಯಾಟ್ ಎಳೆಯುತ್ತವೆ. ಮೋಟಾರ್ ಹಾಗಲ್ಲ, ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಕೇಳುತ್ತದೆ. ಲೆಕ್ಕಕ್ಕೆ ಫ್ರಿಜ್ ಮತ್ತು ಸಂಪ್ ಮೋಟಾರಿಗೆ ಮೂರು ಪಟ್ಟು, ಬೋರ್‌ವೆಲ್ ಸಬ್‌ಮರ್ಸಿಬಲ್‌ಗೆ ನಾಲ್ಕು ಪಟ್ಟು ಹಿಡಿಯಿರಿ. ಇನ್ನೊಂದು ಮಾತು: 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟಾರ್ ಕೊಡುವ ಶಕ್ತಿ. ಲೈನಿನಿಂದ ಅದು ಎಳೆಯುವುದು ಸುಮಾರು 1,100 ವ್ಯಾಟ್.

ಸಾಧಾರಣ ಮನೆಯೊಂದರ ಲೆಕ್ಕ ಹೀಗಾಗುತ್ತದೆ. ಎಂಟು ಎಲ್‌ಇಡಿ ಬಲ್ಬು 80, ನಾಲ್ಕು ಫ್ಯಾನು 300, ಟಿವಿ-ವೈಫೈ 120, ಒಟ್ಟು 500 ವ್ಯಾಟ್. ಫ್ರಿಜ್ ಓಡುವಾಗ 200, ಶುರುವಿಗೆ 600. ಇಷ್ಟೇ ಆದರೆ ಗರಿಷ್ಠ 1,100 ವ್ಯಾಟ್. ಈಗ 1 ಎಚ್‌ಪಿ ಸಂಪ್ ಮೋಟಾರ್ ಸೇರಿಸಿ. ಫ್ರಿಜ್ ಓಡುತ್ತಿರುವಾಗ ಮೋಟಾರ್ ಹಚ್ಚಿದರೆ 500, 200 ಮತ್ತು 3,300 ಕೂಡಿ 4,000 ವ್ಯಾಟ್ ಆಯಿತು.

ಅಷ್ಟಕ್ಕೇ ನಿಲ್ಲಿಸಬೇಡಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಎಂಜಿನ್ ಬಲ ಇಳಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಶೇ. 3.5. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿರುವುದರಿಂದ ಶೇ. 8ರಷ್ಟು ಬಿಟ್ಟುಬಿಡಿ. 4,000ವನ್ನು 0.92ರಿಂದ ಭಾಗಿಸಿದರೆ 4,350 ವ್ಯಾಟ್. ಜನರೇಟರ್ ಪ್ಲೇಟಿನ ಮೇಲೆ ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ವ್ಯಾಟ್ ಆಗಿ ಸಿಗುವ ಪಾಲು) 0.8 ಎಂದಿದ್ದರೆ ಮತ್ತೆ 0.8ರಿಂದ ಭಾಗಿಸಿ: ಸುಮಾರು 5,400, ಅಂದರೆ 5.4 ಕೆವಿಎ. ಅಂದರೆ 5 ಕೆವಿಎ ಸಾಲದು, 6ರಿಂದ 7.5ರ ನಡುವಿನದು ಬೇಕು. ಮೋಟಾರ್ ಇಲ್ಲದ ಮೊದಲ ಲೆಕ್ಕಕ್ಕೆ ಇದೇ ರೀತಿ ಭಾಗಿಸಿದರೆ ಬರುವುದು 1.5, ಅದಕ್ಕೆ 2 ಕೆವಿಎ ಧಾರಾಳ.

ಆದ್ದರಿಂದ ಮಾಳಿಗೆ ಮೇಲೆ ಸಾವಿರ ಲೀಟರಿನ ಟಾಕಿ ಇದ್ದು, ನಳದ ನೀರು ಬಂದ ದಿನವೇ ತುಂಬಿಸುವ ರೂಢಿ ಇದ್ದರೆ ಮೋಟಾರನ್ನು ಪಟ್ಟಿಯಿಂದ ತೆಗೆಯುವುದೇ ಜಾಣತನ. ಗೀಸರ್, ಇಸ್ತ್ರಿಪೆಟ್ಟಿಗೆಗಂತೂ ಜಾಗವೇ ಕೊಡಬೇಡಿ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಎಳೆಯುವ ಸುಮಾರು 250 ವ್ಯಾಟ್ ಮಾತ್ರ ಬಹಳ ಜನ ಮರೆಯುತ್ತಾರೆ, ಅದನ್ನು ಸೇರಿಸಿ.

ಬೇಕಾದದ್ದಕ್ಕಿಂತ ದೊಡ್ಡದು ತಂದರೂ ನಷ್ಟವೇ. ಡೀಸೆಲ್ ಸೆಟ್ ದಿನವೂ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಓಡಿದರೆ ಎಂಜಿನ್ ಸರಿಯಾಗಿ ಬಿಸಿಯಾಗದೆ, ಪೂರ್ತಿ ಉರಿಯದ ಇಂಧನ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ಪ್ಲೇಟಿನ ಮೇಲೆ 'ಮ್ಯಾಕ್ಸ್' ಎಂದು ಬರೆದ ಅಂಕಿಯನ್ನೂ ನಂಬಬೇಡಿ. ಅದು ಕೆಲವೇ ನಿಮಿಷದ್ದು. 'ರೇಟೆಡ್' ಅಂಕಿಯೇ ನಿಮ್ಮದು, ಸತತ ಓಡುವ ಲೋಡ್ ಅದರ ಶೇ. 80 ದಾಟಬಾರದು.

ತ್ರೀ-ಫೇಸ್ ಕನೆಕ್ಷನ್ ಇರುವ ಮನೆಯವರು ಹೆಚ್ಚು ಎಡವುವುದು ಇಲ್ಲಿ. 7.5 ಕೆವಿಎ ತ್ರೀ-ಫೇಸ್ ಸೆಟ್ ತಂದರೆ ಒಂದೊಂದು ಫೇಸಿಗೆ ಸಿಗುವುದು 2.5 ಕೆವಿಎ ಮಾತ್ರ. ಮೋಟಾರ್ ಸಿಂಗಲ್-ಫೇಸ್ ಆಗಿದ್ದರೆ ಅದು ಗುಂಯ್‌ಗುಡುತ್ತ ನಿಲ್ಲುತ್ತದೆ, ಉಳಿದೆರಡು ಫೇಸು ಖಾಲಿ. ತ್ರೀ-ಫೇಸ್ ಮೋಟಾರ್ ಇಲ್ಲದಿದ್ದರೆ ಸಿಂಗಲ್-ಫೇಸ್ ಸೆಟ್ ಸಾಕು.

ಜನರೇಟರನ್ನು ಪ್ಲಗ್ಗಿಗೆ ಸಿಕ್ಕಿಸಿ ಮನೆಗೆ ಕರೆಂಟ್ ಕೊಡುವ ಸಾಹಸ ಬೇಡವೇ ಬೇಡ. ಆ ಕರೆಂಟ್ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಕಂಬದ ಮೇಲಿರುವ ಲೈನ್‌ಮನ್ ಜೀವ ತೆಗೆಯುತ್ತದೆ. ಸಿಂಗಲ್-ಫೇಸಿಗೆ ಎರಡು ಪೋಲ್, ತ್ರೀ-ಫೇಸಿಗೆ ನಾಲ್ಕು ಪೋಲ್ ಚೇಂಜ್‌ಓವರ್ (ಹೆಸ್ಕಾಂ ಲೈನಿನ ಅಷ್ಟೂ ತಂತಿ ಬಿಡಿಸಿ ಮನೆಯನ್ನು ಜನರೇಟರಿಗೆ ಕೂಡಿಸುವ ಸ್ವಿಚ್) ಹಾಕಿಸಿ. ನ್ಯೂಟ್ರಲ್ ಕೂಡ ಬೇರ್ಪಡಬೇಕು. 5-6 ಕೆವಿಎ ಸೆಟ್ಟಿಗೆ 4 ಚದರ ಮಿಮೀ ತಾಮ್ರದ ಕೇಬಲ್ ಇರಲಿ. ಉದ್ದದ ತೆಳು ವೈರಿನಲ್ಲಿ ಮೋಟಾರ್ ಏಳುವಾಗಲೇ ವೋಲ್ಟೇಜ್ ಕುಸಿಯುತ್ತದೆ. ಗದಗ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ರಾಡ್ ಸುತ್ತ ಸಂದು ಬಿಡುತ್ತದೆ, ಆಗಾಗ ನೀರು ಹಾಕಿಸಿ. ಜನರೇಟರ್ ಬಾಗಿಲು, ಕಿಟಕಿಯಿಂದ 6 ಮೀಟರ್ ದೂರ, ಬಯಲಲ್ಲಿರಲಿ. ಮೆಟ್ಟಿಲ ಕೆಳಗೆ, ಮುಚ್ಚಿದ ಪೋರ್ಚಿನಲ್ಲಿ ಇಟ್ಟರೆ ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿಸಿ. ಎಲ್ಲ ಆಫ್ ಮಾಡಿ, ಮೊದಲು ಮೋಟಾರ್, ಆಮೇಲೆ ಫ್ರಿಜ್, ಕೊನೆಗೆ ಬಲ್ಬು-ಫ್ಯಾನು ಹಚ್ಚಿ. ಮರುಸಲ ಬಲ್ಬು-ಫ್ಯಾನು, ಫ್ರಿಜ್ ಓಡುತ್ತಿರುವಾಗಲೇ ಮೋಟಾರ್ ಹಚ್ಚಿ, ಏಕೆಂದರೆ ಆಟೋಮ್ಯಾಟಿಕ್ ಸ್ಟಾರ್ಟರ್ ನಿಮ್ಮನ್ನು ಕೇಳಿ ಶುರುವಾಗುವುದಿಲ್ಲ. ವೋಲ್ಟೇಜ್ ಕುಸಿದು ಒಂದೆರಡು ಸೆಕೆಂಡಿನಲ್ಲಿ 220ರ ಮೇಲೆ ಬಂದರೆ ಸೈಜ್ ಸರಿ. 180ರ ಕೆಳಗೇ ನಿಂತು ಸ್ಟಾರ್ಟರ್ ಟಕಟಕ ಎಂದರೆ ಮುಂದಿನ ಸೈಜಿಗೆ ಬದಲಿಸಿಕೊಡಲು ಹೇಳಿ.