ಎಲ್ಲರೂ ಕೈಬಿಟ್ಟ ಬ್ರೈಸ್ ಯಂಗ್‌ನನ್ನು ನಾನು ಅಳೆದ ಬಗೆ

ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸೋಲುತ್ತಿರುವ ಕ್ವಾರ್ಟರ್‌ಬ್ಯಾಕ್‌ನ (ತಂಡಕ್ಕೆ ಪಾಸ್ ಎಸೆಯುವವನ) ಸೀಸನ್ನನ್ನು ಒಟ್ಟು ಅಂಕಿಗಳಿಂದ ಅಳೆಯಬಾರದು ಅಂತ ನಾನು ನಮ್ಮ ಫ್ಯಾಂಟಸಿ ಗ್ರೂಪಿನಲ್ಲಿ ಹೇಳುತ್ತಲೇ ಬಂದಿದ್ದೆ. ಫ್ಯಾಂಟಸಿ ಅಂದ್ರೆ ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರ ಆಟದ ಅಂಕಿಗಳಿಂದ ಪಾಯಿಂಟ್ ಗಳಿಸೋದು. ಯಾರೂ ನಂಬಲಿಲ್ಲ. 2024ರಲ್ಲಿ ಅದೇ ಲೆಕ್ಕ ಹಿಡಿದು ಲೀಗ್ ಗೆದ್ದೆ. ಈಗ ಎಲ್ಲರೂ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹನ್ನೆರಡು ಜನರ ಸೂಪರ್‌ಫ್ಲೆಕ್ಸ್ (ಎರಡನೇ ಕ್ವಾರ್ಟರ್‌ಬ್ಯಾಕ್‌ನನ್ನೂ ಆಡಿಸಬಹುದಾದ) ಲೀಗ್. ತಲೆಗೆ 100 ಡಾಲರ್, ಯಾರ ಬಳಿಯೂ ಇಲ್ಲದ ಆಟಗಾರರಿಗೆ ಬಿಡ್ ಹಾಕುವ ವೇವರ್ ಬಜೆಟ್ಟೂ 100. ಪಾಸಿಂಗ್ ಟಚ್‌ಡೌನ್‌ಗೆ (ಪಾಸ್ ಎಸೆದು ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದರೆ) 4 ಪಾಯಿಂಟ್, ಇಂಟರ್ಸೆಪ್ಷನ್‌ಗೆ (ಪಾಸ್ ಎದುರಾಳಿ ಕೈಗೆ ಹೋದರೆ) ಮೈನಸ್ 2. ಅರ್ಧಕ್ಕರ್ಧ ಕನ್ನಡದವರು, ನಾರ್ತ್ ಕ್ಯಾರೊಲೈನಾದಲ್ಲೇ ಇರುವವರು. ಹಾಗಾಗಿ ಅಲ್ಲಿನ ತಂಡ ಪ್ಯಾಂಥರ್ಸ್ ಆಟ ಎಲ್ಲರ ಮನೆ ಟಿವಿಯಲ್ಲೂ ಬರುತ್ತದೆ. ಅದರ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಅಂದ್ರೆ ಎಲ್ಲರಿಗೂ ಸಿಟ್ಟಿತ್ತು. ಅವನಿಗಾಗಿ ರಿಸೀವರ್ (ಪಾಸ್ ಹಿಡಿಯುವವನು) ಡಿ.ಜೆ. ಮೂರ್‌ನನ್ನೂ ಡ್ರಾಫ್ಟ್ ಪಿಕ್‌ಗಳನ್ನೂ (ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನೂ) ಶಿಕಾಗೋಗೆ ಕೊಟ್ಟ ತಂಡ 2023ರಲ್ಲಿ ಗೆದ್ದದ್ದು 2, ಸೋತದ್ದು 15. ಡ್ರಾಫ್ಟ್‌ನಲ್ಲಿ ಅವನ ಹಿಂದೆಯೇ ಎರಡನೆಯವನಾಗಿ ಹೋದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ಹ್ಯೂಸ್ಟನ್‌ನಲ್ಲಿ ಮಿಂಚುತ್ತಿದ್ದ. ಸಿಟ್ಟು ಬರದೇ ಇರುತ್ತಾ?

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. ದುಡ್ಡು ಹೋದದ್ದೆಲ್ಲ ಅಲ್ಲೇ.

2022ರಲ್ಲಿ ನಾವೆಲ್ಲ ಬಳಸುತ್ತಿದ್ದ ಲೆಕ್ಕ ಸುಲಭದ್ದು. ಒಳ್ಳೆಯ ಆಟಗಾರ ಕೆಳಗೆ ಬಿದ್ದರೆ ತನ್ನ ಹಳೇ ಸರಾಸರಿಗೆ ವಾಪಸ್ ಬರುತ್ತಾನೆ, ಬಿದ್ದಾಗ ಅಗ್ಗಕ್ಕೆ ಕೊಳ್ಳು. ಆ ವರ್ಷ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಡೆನ್ವರ್‌ಗೆ ಹೋಗಿದ್ದ. ಸೀಸನ್ ನಡುವೆ ಒಬ್ಬ ಒಳ್ಳೇ ರಿಸೀವರ್‌ನನ್ನು ಕೊಟ್ಟು ಅವನನ್ನು ತಂದೆ. ಅವನು ವಾಪಸ್ ಬರಲೇ ಇಲ್ಲ. ಇಡೀ ವರ್ಷಕ್ಕೆ 16 ಟಚ್‌ಡೌನ್ ಪಾಸ್, 55 ಸ್ಯಾಕ್ (ಪಾಸ್ ಎಸೆಯುವ ಮೊದಲೇ ಅವನನ್ನು ಕೆಡವಿದ್ದು). ಕೋಚ್ ಹ್ಯಾಕೆಟ್‌ನನ್ನು ಸೀಸನ್ ಮುಗಿಯುವ ಮೊದಲೇ ತೆಗೆದರು. ಹಳೇ ಸರಾಸರಿ ಹಳೇ ತಂಡದ್ದು, ಹಳೇ ಲೈನಿನದು (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನದು), ಹಳೇ ಕೋಚಿನದು. ಹೊಸ ಊರಿಗೆ ಅದು ಜೊತೆಗೆ ಬರಲ್ಲ.

2023ರಲ್ಲಿ ಇನ್ನೊಂದು ದಾರಿ: ಹೊಸ ಹುಡುಗ ಕೊನೆಯ ವಾರಗಳಲ್ಲಿ ಒಮ್ಮೆ ಸಿಡಿದರೆ ಹಿಡಿದುಕೋ ಅನ್ನೋದು. 16ನೇ ವಾರ ಗ್ರೀನ್ ಬೇ ಎದುರು ಇದೇ ಯಂಗ್ 312 ಯಾರ್ಡ್, 2 ಟಚ್‌ಡೌನ್ ಹೊಡೆದ. ಲೀಗಿನ ಫೈನಲ್‌ಗೆ ಅವನನ್ನು ಹಾಕಿದೆ. ಜಾಕ್ಸನ್‌ವಿಲ್‌ನಲ್ಲಿ ಪ್ಯಾಂಥರ್ಸ್ 26-0 ಸೋತಿತು. ಅದರ ಮುಂದಿನ ವಾರ ಟ್ಯಾಂಪಾ ಎದುರು 9-0. ಎರಡು ವಾರ ತಂಡಕ್ಕೆ ಒಂದು ಪಾಯಿಂಟೂ ಇಲ್ಲ! ಮೊದಲ ಬಹುಮಾನಕ್ಕೂ ಎರಡನೆಯದಕ್ಕೂ ನಡುವಿನ ಸುಮಾರು 400 ಡಾಲರ್ ಆ ಒಂದು ಭಾನುವಾರ ಹೋಯಿತು. ಒಂದು ಆಟ ಏನನ್ನೂ ಹೇಳಲ್ಲ. ಹದಿನಾರು ಆಟ ಕೂಡಿಸಿದರೂ ಹೇಳಲ್ಲ. ಹಾಗಾದರೆ ಯಾವುದು ಹೇಳುತ್ತೆ?

ಆ ಚಳಿಗಾಲದಲ್ಲಿ ಕೋಚ್‌ಗಳು ನೋಡುವ, ಇಪ್ಪತ್ತೆರಡೂ ಆಟಗಾರರು ಕಾಣುವ ಆಲ್-22 ವಿಡಿಯೋಗೆ ದುಡ್ಡು ಕಟ್ಟಿದೆ. ತಿಂಗಳಿಗೆ ಹದಿನೈದು ಡಾಲರ್ ಹತ್ತಿರ. ಯಂಗ್‌ನ ಒಂದೊಂದು ಡ್ರಾಪ್‌ಬ್ಯಾಕ್ (ಪಾಸ್ ಎಸೆಯಲು ಹಿಂದೆ ಸರಿದದ್ದು) ನೋಡಿ, ಕೆಟ್ಟದಾಗಿ ಮುಗಿದ ಪ್ರತಿ ಪ್ಲೇಗೂ ಒಬ್ಬ ಹೊಣೆಗಾರನನ್ನು ಬರೆದೆ. ಲೈನ್, ರಿಸೀವರ್, ಪ್ಲೇ ಕರೆದವನು, ಇಲ್ಲವೇ ಯಂಗ್. ಇಬ್ಬರ ಹೆಸರು ಬರೆಯೋ ಹಾಗಿಲ್ಲ. ಇದು ಮುಖ್ಯ. "ಇಬ್ಬರದ್ದೂ ತಪ್ಪು" ಅಂತ ಒಮ್ಮೆ ಬರೆಯೋಕೆ ಶುರು ಮಾಡಿದರೆ ಪಟ್ಟಿ ಕೆಟ್ಟಿತು.

2023ರಲ್ಲಿ ಅವನು 62 ಸಲ ಸ್ಯಾಕ್ ಆಗಿದ್ದ. ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಲೈನಿನ ಖಾತೆಗೆ ಹೋಯಿತು, ಅದರಲ್ಲೂ ಲೈನಿನ ನಡುಭಾಗ ಕಾಯುವ ಗಾರ್ಡ್‌ಗಳ ಖಾತೆಗೆ. ಯಂಗ್ 5 ಅಡಿ 10 ಇಂಚಿನವನು. ನಡುವಿನಿಂದ ಒತ್ತಿದರೆ ಅವನಿಗೆ ಎದುರಿನದ್ದು ಕಾಣಲ್ಲ. ಪಕ್ಕದಿಂದ ಬಂದರೆ ತಪ್ಪಿಸಿಕೊಳ್ಳುತ್ತಾನೆ. ಇದನ್ನು ಬರೆದಿಟ್ಟ ಮೇಲೆ 2024ರ ಮಾರ್ಚ್‌ನಲ್ಲಿ ಪ್ಯಾಂಥರ್ಸ್ ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಇಬ್ಬರನ್ನೂ ತಂದಿತು. ಇಬ್ಬರೂ ಗಾರ್ಡ್‌ಗಳೇ. ಹಂಟ್‌ಗೆ ಐದು ವರ್ಷಕ್ಕೆ 100 ಮಿಲಿಯನ್ ಡಾಲರ್! ಕೋಚ್ ಆಗಿ ಬಂದವನು ಡೇವ್ ಕನಾಲೆಸ್. ಸಿಯಾಟಲ್‌ನಲ್ಲಿ ಜೀನೋ ಸ್ಮಿತ್, ಟ್ಯಾಂಪಾದಲ್ಲಿ ಬೇಕರ್ ಮೇಫೀಲ್ಡ್ ಅನ್ನೋ ಕ್ವಾರ್ಟರ್‌ಬ್ಯಾಕ್‌ಗಳು ಮತ್ತೆ ಎದ್ದು ನಿಂತಾಗ ಅವರ ಜೊತೆ ಕೆಲಸ ಮಾಡಿದವನು. ನನ್ನ ಪಟ್ಟಿ ಹೇಳಿದ ರೋಗಕ್ಕೇ ತಂಡವೂ ಔಷಧ ಕೊಂಡಿದೆ ಅನ್ನಿಸಿತು.

ಆದರೆ ಸೀಸನ್ ಶುರುವಾದದ್ದು ಹೇಗೆ ಗೊತ್ತಲ್ಲ. ಮೊದಲ ವಾರ ನ್ಯೂ ಆರ್ಲಿಯನ್ಸ್‌ನಲ್ಲಿ 47-10 ಸೋಲು. ಯಂಗ್ ಎಸೆದ 30 ಪಾಸ್‌ಗಳಲ್ಲಿ ಕೂಡಿದ್ದು 13, ಎರಡು ಇಂಟರ್ಸೆಪ್ಷನ್. ಎರಡನೇ ವಾರ ಚಾರ್ಜರ್ಸ್ ಎದುರು 26-3, ಬರೀ 84 ಯಾರ್ಡ್. ಅವನನ್ನು ಕೂರಿಸಿದರು. ಮೂರನೇ ವಾರ ಲಾಸ್ ವೇಗಸ್‌ನಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್ ಬಂದು 319 ಯಾರ್ಡ್, 3 ಟಚ್‌ಡೌನ್ ಹೊಡೆದು ಗೆಲ್ಲಿಸಿದ. "ನೋಡಪ್ಪಾ, ಲೈನ್ ಅಂತೆ, ಗಾರ್ಡ್ ಅಂತೆ" ಅಂತ ಗ್ರೂಪಿನಲ್ಲಿ ನನ್ನ ಪಟ್ಟಿಯ ಫೋಟೋ ಓಡಾಡಿತು. ನಮ್ಮ ಲೀಗಿನಲ್ಲಿ ಯಂಗ್‌ನನ್ನು ಇಟ್ಟುಕೊಂಡಿದ್ದವನು ಅವತ್ತೇ ಕೈಬಿಟ್ಟ.

ಯಂಗ್ ಆಡಿದ ಆ ಎರಡು ಆಟಗಳನ್ನೂ ಪಟ್ಟಿಗೆ ಹಾಕಿದ್ದೆ. ಕೆಟ್ಟ ಪ್ಲೇಗಳಲ್ಲಿ ಅರ್ಧದಷ್ಟು ಯಂಗ್‌ನವೇ. ಅದನ್ನು ಮುಚ್ಚಿಡಲಿಲ್ಲ. ಅವನ ಕಾಲು ನಿಲ್ಲುತ್ತಿರಲಿಲ್ಲ, ಒತ್ತಡ ಬರುವ ಮೊದಲೇ ಕಣ್ಣು ಕೆಳಗೆ ಹೋಗುತ್ತಿತ್ತು. ಹಾಗಾಗಿ ಆಗ ಕೊಳ್ಳಲಿಲ್ಲ. ಆದರೆ ಡಾಲ್ಟನ್‌ನ ಮುಂದಿನ ಆಟಗಳನ್ನು ನೋಡಿ: ಸಿನ್ಸಿನಾಟಿ ಎದುರು ಸೋಲು, ಶಿಕಾಗೋ ಎದುರು 36-10, ಅಟ್ಲಾಂಟಾ ಎದುರು 38-20, ವಾಷಿಂಗ್ಟನ್ ಎದುರು 40-7. ಯಾರು ಆಡಿದರೂ ತಂಡ ಹಿಂದೆಯೇ ಬೀಳುತ್ತಿತ್ತು, ಯಾಕೆಂದರೆ ಡಿಫೆನ್ಸ್ ಇರಲಿಲ್ಲ. ಆ ಸೀಸನ್ನಿನಲ್ಲಿ ಪ್ಯಾಂಥರ್ಸ್ ಬಿಟ್ಟುಕೊಟ್ಟದ್ದು 534 ಪಾಯಿಂಟ್, ಎನ್‌ಎಫ್‌ಎಲ್ ಇತಿಹಾಸದಲ್ಲೇ ಅತಿ ಹೆಚ್ಚು. ಅಭಿಮಾನಿಗೆ ಅದು ದುಃಖ. ಫ್ಯಾಂಟಸಿಯವರಿಗೆ ಅದು ಪಾಸ್‌ಗಳು. ಹಿಂದೆ ಬಿದ್ದ ತಂಡ ಎಸೆಯಲೇಬೇಕು, ಅಲ್ವಾ?

ಅಕ್ಟೋಬರ್‌ನಲ್ಲಿ ಡಾಲ್ಟನ್‌ಗೆ ಕಾರ್ ಅಪಘಾತದಲ್ಲಿ ಹೆಬ್ಬೆರಳಿಗೆ ಪೆಟ್ಟಾಯಿತು. 8ನೇ ವಾರ ಯಂಗ್ ಡೆನ್ವರ್‌ನಲ್ಲಿ ವಾಪಸ್ ಬಂದ. 2 ಟಚ್‌ಡೌನ್, 2 ಇಂಟರ್ಸೆಪ್ಷನ್, 28-14 ಸೋಲು. ಬಾಕ್ಸ್ ಸ್ಕೋರಿನಲ್ಲಿ (ಆಟದ ಅಂಕಿಗಳಲ್ಲಿ) ಏನೂ ಹೊಸತಿಲ್ಲ. ಪಟ್ಟಿಯಲ್ಲಿ ಇತ್ತು. ಒತ್ತಡದಲ್ಲಿ ಕಣ್ಣು ಮೇಲೇ ಇತ್ತು. ಆ ವಾರವೇ 3 ಡಾಲರ್ ಬಿಡ್ ಹಾಕಿದೆ. ಬೇರೆ ಯಾರೂ ಹಾಕಿರಲಿಲ್ಲ. ಒಬ್ಬ ಗೆಳೆಯ "ಏನ್ ಗುರು, ಪಾಸ್‌ವರ್ಡ್ ಯಾರಾದ್ರೂ ಕದ್ರಾ?" ಅಂತ ಕೇಳಿದ. ಮುಂದಿನ ಭಾನುವಾರ ನನ್ನ ಎರಡನೇ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಹ್ಯಾಮ್‌ಸ್ಟ್ರಿಂಗ್ ಗಾಯದಿಂದ ಸೀಸನ್ನಿನಿಂದಲೇ ಹೊರಬಿದ್ದ. ಆಮೇಲೆ ಸಿಗುತ್ತಿದ್ದ ಕ್ವಾರ್ಟರ್‌ಬ್ಯಾಕ್‌ಗಳಿಗೆ ಜನ 30-40 ಡಾಲರ್ ಸುರಿಯುತ್ತಿದ್ದರು.

ತಕ್ಷಣ ಆಡಿಸಲಿಲ್ಲ. ನ್ಯೂ ಆರ್ಲಿಯನ್ಸ್ ಎದುರು ಗೆದ್ದರು, ಮ್ಯೂನಿಕ್‌ನಲ್ಲಿ ಜಯಂಟ್ಸ್ ಎದುರು ಓವರ್‌ಟೈಮ್‌ನಲ್ಲಿ 20-17 ಗೆದ್ದರು. ಆದರೆ ಯಾರ್ಡ್‌ಗಳು ಕಮ್ಮಿ. ಗೆಲುವಿಗೆ ನಮ್ಮಲ್ಲಿ ಪಾಯಿಂಟ್ ಇಲ್ಲ. ನಾನು ಕಾಯುತ್ತಿದ್ದದ್ದು ರಿಸೀವರ್ ಆಡಂ ಥೀಲನ್‌ಗೆ. ಹ್ಯಾಮ್‌ಸ್ಟ್ರಿಂಗ್ ಗಾಯದಿಂದ ಹೊರಗಿದ್ದ. ಇನ್ನೊಬ್ಬ ರಿಸೀವರ್ ಡಿಯೋಂಟೇ ಜಾನ್ಸನ್‌ನನ್ನು ಬಾಲ್ಟಿಮೋರ್‌ಗೆ ಕಳಿಸಿಬಿಟ್ಟಿದ್ದರು. ಉಳಿದವರೆಲ್ಲ ಹೊಸಬರು. ಯಂಗ್‌ನ ಬೇಗದ ಪಾಸ್‌ಗೆ ಸರಿಯಾದ ಜಾಗದಲ್ಲಿ ತಿರುಗಿ ನಿಲ್ಲುವವನು ಥೀಲನ್ ಒಬ್ಬನೇ. 12ನೇ ವಾರ ಅವನು ಬಂದ. ಕ್ಯಾನ್ಸಸ್ ಸಿಟಿ ಎದುರು 30-27 ಸೋತರೂ ಯಂಗ್ 263 ಯಾರ್ಡ್ ಎಸೆದ, ಇಂಟರ್ಸೆಪ್ಷನ್ ಇಲ್ಲ. 13ನೇ ವಾರದಿಂದ ನನ್ನ ಸೂಪರ್‌ಫ್ಲೆಕ್ಸ್ ಜಾಗ ಅವನದ್ದು. ಆ ವಾರ ಟ್ಯಾಂಪಾ ಎದುರು 298 ಯಾರ್ಡ್.

14ನೇ ವಾರವನ್ನು ಎಲ್ಲರಿಗೂ ತೋರಿಸಬೇಕು. ಫಿಲಡೆಲ್ಫಿಯಾದಲ್ಲಿ, ಆ ವರ್ಷ ಸೂಪರ್ ಬೌಲ್ ಗೆದ್ದ ತಂಡದ ಎದುರು, 22-16 ಸೋಲು, 200 ಯಾರ್ಡೂ ಇಲ್ಲ. ಕೊನೆಯ ನಿಮಿಷದಲ್ಲಿ ಯಂಗ್ ಉದ್ದಕ್ಕೆ ಎಸೆದ ಚೆಂಡು ರಿಸೀವರ್ ಲೆಗೆಟ್ ಕೈಗೆ ಬಂದು ಜಾರಿತು. ಹಿಡಿದಿದ್ದರೆ ಮುನ್ನಡೆ. ಅಂಕಿ ಹೇಳುವುದು "ಪಾಸ್ ಕೂಡಲಿಲ್ಲ" ಅಂತ. ನನ್ನ ಪಟ್ಟಿ ಹೇಳುವುದು "ರಿಸೀವರ್" ಅಂತ. ಅಷ್ಟು ಹೊತ್ತಿಗೆ ಕೆಟ್ಟ ಪ್ಲೇಗಳಲ್ಲಿ ಯಂಗ್‌ನ ಪಾಲು ಕಾಲು ಭಾಗದ ಆಸುಪಾಸಿಗೆ ಇಳಿದಿತ್ತು.

15ನೇ ವಾರ ನಮ್ಮ ಲೀಗಿನ ಪ್ಲೇಆಫ್ ಮೊದಲ ಸುತ್ತು. ಯಂಗ್‌ಗೆ ಎದುರು ಡಾಲಸ್, ಅಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವುವ ಮೈಕಾ ಪಾರ್ಸನ್ಸ್. ಅವನು ಪಕ್ಕದಲ್ಲಿ ಮಾತ್ರ ನಿಲ್ಲಲ್ಲ, ನಡುವಿಗೂ ಬರುತ್ತಾನೆ. ಯಂಗ್‌ನನ್ನು ಬೆಂಚಿಗೆ ಹಾಕಿ ಆ ಜಾಗಕ್ಕೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಹಾಕಿದೆ. "ಅಷ್ಟು ಹೊಗಳಿ ಈಗ ಕೂರಿಸ್ತೀಯಾ?" ಅಂದರು. ಯಂಗ್‌ಗೆ ಆರು ಸ್ಯಾಕ್, ಎರಡು ಇಂಟರ್ಸೆಪ್ಷನ್, ಮೇಲೆ ಚೆಂಡು ಕೈಜಾರಿದ ಫಂಬಲ್. ಇತ್ತ ನನ್ನ ಮೊದಲ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಬಫಲೋ ಎದುರು 494 ಯಾರ್ಡ್, 5 ಟಚ್‌ಡೌನ್ ಹೊಡೆದು ಸುತ್ತು ದಾಟಿಸಿದ. 16ನೇ ವಾರ ಅರಿಜೋನಾ ಎದುರು ಯಂಗ್ ವಾಪಸ್: 2 ಪಾಸಿಂಗ್ ಟಚ್‌ಡೌನ್, ಓಡಿ 68 ಯಾರ್ಡ್, ಇನ್ನೊಂದು ಟಚ್‌ಡೌನ್. ನನ್ನ ಲೆಕ್ಕದಲ್ಲಿ 27ರ ಹತ್ತಿರ. ಫೈನಲ್ ವಾರ ಟ್ಯಾಂಪಾ 48-14 ಹೊಡೆಯಿತು. ಆದರೂ ಥೀಲನ್‌ಗೆ ಎರಡು ಟಚ್‌ಡೌನ್ ಎಸೆದು ಯಂಗ್ ನನಗೆ 16 ತಂದುಕೊಟ್ಟ. ಐದಾರು ಪಾಯಿಂಟಿನಲ್ಲಿ ಗೆದ್ದೆ. 34 ಪಾಯಿಂಟಿನಿಂದ ಸೋತ ಆಟದಲ್ಲಿ ಅವನು ನನ್ನನ್ನು ಗೆಲ್ಲಿಸಿದ.

ಬಂದದ್ದು 700 ಡಾಲರ್. ಎಂಟ್ರಿ, ವಿಡಿಯೋ, ಇನ್ನೊಂದು ಅಂಕಿಅಂಶದ ಸೈಟಿನ ಚಂದಾ ಎಲ್ಲ ಕಳೆದು 450ರ ಮೇಲೆ ಉಳಿಯಿತು. ಆ ಸೈಟಿನ ಚಂದಾ ದಂಡ, ನಿಮಗೆ ಬೇಡ.

ಇದೇ ಪಟ್ಟಿಯನ್ನು ಬೇರೆ ಕ್ವಾರ್ಟರ್‌ಬ್ಯಾಕ್‌ಗಳ ಮೇಲೂ ಹಾಕಿ ನೋಡಿದೆ. ಕೇಲೆಬ್ ವಿಲಿಯಮ್ಸ್ 2024ರಲ್ಲಿ 68 ಸಲ ಸ್ಯಾಕ್ ಆದ. ಲೈನ್ ಕೆಟ್ಟದ್ದು ಅಂತ ಎಲ್ಲರೂ ಅಂದರು. ನನ್ನ ಪಟ್ಟಿಯಲ್ಲಿ ದೊಡ್ಡ ಪಾಲು ಅವನದ್ದೇ, ಚೆಂಡು ಹಿಡಿದುಕೊಂಡು ನಿಲ್ಲುತ್ತಿದ್ದ. ಆದರೂ 20 ಟಚ್‌ಡೌನ್‌ಗೆ 6 ಇಂಟರ್ಸೆಪ್ಷನ್ ಅಷ್ಟೆ. ಅಂಥವನನ್ನು ಮಾರಬೇಡಿ. ಆಂಥನಿ ರಿಚರ್ಡ್‌ಸನ್ ಮೇಲೆ ಪಟ್ಟಿ ಕೆಲಸ ಮಾಡಲಿಲ್ಲ. ಪಾಸ್ ಕೂಡಿದ್ದು ನೂರಕ್ಕೆ 48ಕ್ಕಿಂತ ಕಮ್ಮಿ, ಆದರೆ ಓಡಿ 499 ಯಾರ್ಡ್, 6 ಟಚ್‌ಡೌನ್. ಅವನ ಪಾಯಿಂಟ್ ಕಾಲಿನಿಂದ ಬರುತ್ತಿತ್ತು, ಅದಕ್ಕೆ ಬೇರೆ ಲೆಕ್ಕ ಬೇಕು. ಇನ್ನೊಂದು ಪ್ರಯೋಗ: ಹೈಸ್ಕೂಲಿನಲ್ಲಿರುವ ಮಗಳಿಗೆ ಹೆಸರು, ಸ್ಕೋರ್ ಏನೂ ಹೇಳದೆ ಅದೇ ಪ್ಲೇಗಳಿಗೆ ಹೊಣೆಗಾರನನ್ನು ಬರೆಯೋಕೆ ಕೊಟ್ಟೆ. ನೂರರಲ್ಲಿ ಎಂಬತ್ತು ನನ್ನದಕ್ಕೆ ಹೊಂದಿತು. ಹೊಂದದೇ ಹೋದದ್ದು ಬಹುತೇಕ ಸ್ಕ್ರೀನ್ ಪಾಸ್‌ಗಳಲ್ಲಿ (ಲೈನಿನ ಹಿಂದೆಯೇ ಎಸೆಯುವ ಗಿಡ್ಡ ಪಾಸ್‌ಗಳು). ಈಗ ಸ್ಕ್ರೀನ್‌ಗಳನ್ನು ಲೆಕ್ಕಕ್ಕೇ ಹಿಡಿಯಲ್ಲ.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ, ಮೂರನೇ ಡೌನಿಗೆ (10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದಕ್ಕೆ) ಸಂಬಂಧಿಸಿದ್ದು. ಡಾಲಸ್ ವಾರದ ತೀರ್ಮಾನಕ್ಕೆ ಅರ್ಧ ಕಾರಣ ಅದೇ. ಅದನ್ನು ಇಲ್ಲಿ ಬಿಡಿಸಲ್ಲ, ನಮ್ಮ ಲೀಗಿನವರೂ ಇದನ್ನು ಓದುತ್ತಾರೆ. ಎಷ್ಟು ಆಟದ ಪಟ್ಟಿ ಸಾಕು ಅನ್ನೋದನ್ನೂ ನೀವೇ ಕಂಡುಕೊಳ್ಳಿ. ಒಂದಂತೂ ಸಾಲದು.

18ನೇ ವಾರ ಅಟ್ಲಾಂಟಾದಲ್ಲಿ ಪ್ಯಾಂಥರ್ಸ್‌ಗೆ 44-38 ಗೆಲುವು. ಯಂಗ್ 251 ಯಾರ್ಡ್, ಮೂರು ಟಚ್‌ಡೌನ್ ಎಸೆದ, ಇನ್ನೆರಡು ಓಡಿ ಹೊಡೆದ. ನಮ್ಮ ಲೀಗ್ ಅಷ್ಟರಲ್ಲಿ ಮುಗಿದಿತ್ತು. ನಿಮ್ಮದು 18ರವರೆಗೆ ಹೋಗುವ ಲೀಗ್ ಆದರೆ ಇಂಥವನನ್ನು ಕೊನೆಯವರೆಗೂ ಬಿಡಬೇಡಿ. ಒಂದೇ ಕ್ವಾರ್ಟರ್‌ಬ್ಯಾಕ್ ಆಡಿಸುವ ಹತ್ತು ಜನರ ಲೀಗ್ ಆದರೆ ಇಷ್ಟೆಲ್ಲ ಕೂತು ನೋಡೋದು ಬೇಡ, ಅಲ್ಲಿ ವೇವರ್‌ನಲ್ಲಿ ಇವನಿಗಿಂತ ಒಳ್ಳೆಯವರೇ ಸುಮ್ನೆ ಬಿದ್ದಿರುತ್ತಾರೆ.